ಗೂಡಿನಿಂದ ಬಿದ್ದ ಹಕ್ಕಿಮರಿ: ದಯೆ ಮತ್ತು ತಿಳಿವಳಿಕೆ

(ಚೆನ್ನೈನ ಪೆರಂಬೂರು ಪ್ರದೇಶದ ಕನ್ನಡಿಗರಿಗಾಗಿ ಸಿದ್ಧಪಡಿಸಲಾದ ಉಪನ್ಯಾಸದ ಪಠ್ಯ)



ಪೆರಂಬೂರು ಎಂದೊಡನೆ ದೇಶದ ಜನತೆಗೆ ನೆನಪಾಗುವುದು ರೈಲುಗಾಡಿ. 1955ರ ಅಕ್ಟೋಬರ್ 2ರಂದು ಪ್ರಧಾನಮಂತ್ರಿ ಜವಾಹರಲಾಲ್ ನೆಹರೂ ಅವರಿಂದ ಉದ್ಘಾಟಿತವಾದ ಇಂಟೆಗ್ರಲ್ ಕೋಚ್ ಕಾರ್ಖಾನೆಯು ಇಲ್ಲಿಯೇ ಇದೆ. ಇಲ್ಲಿನ ಕಾರ್ಖಾನೆಗಳಲ್ಲಿ ದುಡಿಯಲು ಭಾರತದ ನಾನಾ ಭಾಷೆಗಳ ಜನ ಬಂದು ನೆಲೆಸಿದರು. ಅವರ ವಾಸಕ್ಕಾಗಿ ವಸತಿಗೃಹಗಳ ಸಾಲುಗಳು ಎದ್ದವು. ಅವುಗಳ ಬೀದಿಗಳಲ್ಲೂ ಹಿತ್ತಿಲುಗಳಲ್ಲೂ ಬೇವು, ಹೊಂಗೆ, ಮಾವು, ನುಗ್ಗೆ, ತೆಂಗು ಮೊದಲಾದ ಮರಗಳು ಬೆಳೆದವು. ಮರಗಳಿದ್ದಲ್ಲಿ ಹಕ್ಕಿಗಳು ಬರುವುದು ಸಹಜ. ಇಂದಿಗೂ ಈ ಪ್ರದೇಶದ ಹಿತ್ತಿಲುಗಳಲ್ಲಿ ಕಾಗೆ, ಕೋಗಿಲೆ, ಗೊರವಂಕ, ಗಿಳಿ, ಪಿಕಳಾರ, ಸೂರಕ್ಕಿ ಮುಂತಾದವುಗಳನ್ನು ಕಾಣಬಹುದಾಗಿದೆ.

ಮಾರ್ಚಿಯಿಂದ ಜುಲೈವರೆಗಿನ ಅವಧಿಯು ಇವುಗಳಲ್ಲಿ ಬಹುಪಾಲು ಹಕ್ಕಿಗಳು ಗೂಡು ಕಟ್ಟಿ ಮರಿ ಮಾಡುವ ಕಾಲ. ಚೆನ್ನೈನ ಬಿಸಿಲು ಅತ್ಯಂತ ಪ್ರಖರವಾಗಿರುವುದೂ, ಮಕ್ಕಳಿಗೆ ಶಾಲೆಯ ರಜೆ ಇರುವುದೂ ಇದೇ ಕಾಲದಲ್ಲಿ. ಆದ್ದರಿಂದಲೇ ಮರದಡಿ ಬಿದ್ದಿರುವ ಹಕ್ಕಿಮರಿಯೊಂದನ್ನು ಅಂಗೈಯಲ್ಲಿಟ್ಟುಕೊಂಡು ಮಕ್ಕಳು ಮನೆಯೊಳಕ್ಕೆ ಓಡಿ ಬರುವ ಪ್ರಸಂಗವು ಅನೇಕ ಕುಟುಂಬಗಳಿಗೆ ಪರಿಚಿತವಾದುದು. ಆಮೇಲೆ ನಡೆಯುವುದೂ ಪರಿಚಿತವೇ. ರಟ್ಟಿನ ಪೆಟ್ಟಿಗೆಯೊಂದನ್ನು ಹುಡುಕಲಾಗುತ್ತದೆ, ಹತ್ತಿಯನ್ನು ಹಾಸಲಾಗುತ್ತದೆ, ಹಾಲಿನಲ್ಲಿ ನೆನೆಸಿದ ಬ್ರೆಡ್ಡನ್ನೋ ಅನ್ನವನ್ನೋ ತಿನ್ನಿಸಲಾಗುತ್ತದೆ, ಕೊಕ್ಕಿಗೆ ನೀರು ಹನಿಸಲಾಗುತ್ತದೆ. ಮರುದಿನ ಬೆಳಿಗ್ಗೆ ಮರಿ ಸತ್ತಿರುತ್ತದೆ. ಮನೆಯವರು ಮರುಗುತ್ತಾರೆ, ಅದರ ಆಯುಷ್ಯ ಅಷ್ಟೇ ಇತ್ತೆಂದು ಸಮಾಧಾನ ಹೇಳಿಕೊಳ್ಳುತ್ತಾರೆ.

ವಾಸ್ತವವಾಗಿ ಇಂತಹ ಮರಿಗಳಲ್ಲಿ ಅನೇಕವು ಬದುಕಬಹುದಾಗಿದ್ದಂಥವು. ಅವುಗಳಿಗೆ ತಂದೆತಾಯಿಗಳಿದ್ದವು, ಅವು ಸಮೀಪದ ಕೊಂಬೆಯ ಮೇಲೆಯೇ ಇದ್ದವು. ಮರಿಯನ್ನು ಮನೆಯೊಳಕ್ಕೆ ತಂದದ್ದೇ ಅದರ ಸಾವಿಗೆ ಕಾರಣವಾಯಿತು. ದಯೆ ಇದ್ದರೂ ತಿಳಿವಳಿಕೆ ಇಲ್ಲದಿದ್ದಲ್ಲಿ ಹೀಗಾಗುವುದು ಅನಿವಾರ್ಯ. ಬಿದ್ದ ಮರಿಗೆ ನೆರವಾಗುವವರು ಮೊದಲು ಅದು ಯಾವ ಹಂತದ ಮರಿ, ಅದಕ್ಕೆ ನೆರವು ಬೇಕೇ ಬೇಡವೇ ಎಂಬುದನ್ನು ಅರಿಯಬೇಕಾಗುತ್ತದೆ.

ಹಕ್ಕಿಮರಿಗಳಲ್ಲಿ ಎರಡು ಹಂತಗಳನ್ನು ಗುರುತಿಸಬಹುದು. ಮೊದಲನೆಯದು ಗೂಡಿನ ಮರಿ. ಇದರ ಮೈಮೇಲೆ ಪುಕ್ಕಗಳಿರುವುದಿಲ್ಲ, ಇಲ್ಲವೇ ಪುಕ್ಕಗಳು ಇನ್ನೂ ಮುಳ್ಳುಗಳಂತೆ ಮೊಳೆಯುತ್ತಿರುತ್ತವೆ. ಕಣ್ಣುಗಳು ಮುಚ್ಚಿರಬಹುದು. ನಿಲ್ಲಲು, ಕುಪ್ಪಳಿಸಲು, ಕೊಂಬೆಯನ್ನು ಹಿಡಿದು ಕೂರಲು ಇದಕ್ಕೆ ಬಾರದು. ಇಂತಹ ಮರಿಯ ಸ್ಥಾನ ಗೂಡು. ಅದು ನೆಲದ ಮೇಲಿದೆಯೆಂದರೆ ಅಪಾಯದಲ್ಲಿದೆ ಎಂದೇ ಅರ್ಥ.

ಎರಡನೆಯದು ಹಾರಲು ಕಲಿಯುತ್ತಿರುವ ಮರಿ. ಇದರ ಮೈತುಂಬ ಪುಕ್ಕಗಳಿರುತ್ತವೆ. ಬಾಲ ಮಾತ್ರ ಮೋಟಾಗಿರುತ್ತದೆ. ಕಟವಾಯಿಯ ಅಂಚಿನಲ್ಲಿ ಎಳೆತನದ ಹಳದಿ ಇಲ್ಲವೇ ಕೆಂಪು ಬಣ್ಣ ಇನ್ನೂ ಉಳಿದಿರಬಹುದು. ಇದು ಕುಪ್ಪಳಿಸಬಲ್ಲದು, ರೆಕ್ಕೆ ಬಡಿದು ಒಂದೆರಡು ಅಡಿ ಏರಬಲ್ಲದು, ಆದರೆ ದೂರ ಹಾರಲಾರದು. ಇದನ್ನು ಕಂಡವರಿಗೆ ರೆಕ್ಕೆ ಮುರಿದಿದೆಯೆಂಬ ಭ್ರಮೆ ಉಂಟಾಗುವುದುಂಟು. ವಾಸ್ತವದಲ್ಲಿ ಇದು ಬಿದ್ದ ಮರಿಯಲ್ಲ. ತಾನಾಗಿಯೇ ಗೂಡನ್ನು ಬಿಟ್ಟು ಬಂದ ಮರಿ. ಗುಬ್ಬಚ್ಚಿಯ ಮರಿ ಸುಮಾರು ಎರಡು ವಾರಗಳಲ್ಲಿ, ಗೊರವಂಕದ ಮರಿ ಮೂರು ವಾರಗಳಿಗೂ ಮಿಕ್ಕಿದ ಅವಧಿಯಲ್ಲಿ, ಕಾಗೆಯ ಮರಿ ಮೂರರಿಂದ ನಾಲ್ಕು ವಾರಗಳಲ್ಲಿ ಗೂಡು ಬಿಡುತ್ತವೆ. ಆಮೇಲೆ ಕೆಲವು ದಿನಗಳ ಕಾಲ ನೆಲದ ಮೇಲೆ, ಪೊದೆಗಳಲ್ಲಿ, ತಗ್ಗು ಕೊಂಬೆಗಳಲ್ಲಿ ಕಾಲ ಕಳೆಯುವುದು ಹಕ್ಕಿಯ ಜೀವನಕ್ರಮದ ಒಂದು ಭಾಗ. ಈ ದಿನಗಳಲ್ಲಿ ತಂದೆತಾಯಿಗಳು ಅದಕ್ಕೆ ಗುಟುಕು ನೀಡುತ್ತಲೇ ಇರುತ್ತವೆ. ಯಾವುದು ಆಹಾರ, ಯಾವುದು ಅಪಾಯ ಎಂಬುದನ್ನು ಅದು ಅವುಗಳಿಂದಲೇ ಕಲಿಯುತ್ತದೆ. ಇಂತಹ ಮರಿಯನ್ನು ಎತ್ತಿಕೊಂಡು ಹೋಗುವುದೆಂದರೆ ಶಾಲೆಗೆ ಹೊರಟ ಮಗುವನ್ನು ಅನಾಥ ಮಗುವೆಂದು ತಿಳಿದು ಅಪರಿಚಿತರು ಕರೆದೊಯ್ದಂತೆಯೇ ಸರಿ.

ಹಾರಲು ಕಲಿಯುತ್ತಿರುವ ಮರಿಗೆ ಮಾಡಬೇಕಾದ ಉಪಕಾರವೆಂದರೆ ಅದರ ಸಮೀಪದಿಂದ ದೂರ ಸರಿಯುವುದು. ಬೆಕ್ಕು ನಾಯಿಗಳನ್ನು ಕೆಲವು ದಿನ ಹಗಲಿನಲ್ಲಿ ಕಟ್ಟಿಹಾಕುವುದು ಅಥವಾ ಒಳಗಿರಿಸುವುದು ಸೂಕ್ತ. ಮರಿಯು ದಾರಿಯ ನಡುವೆಯೋ ಸುಡುವ ಕಾಂಕ್ರೀಟಿನ ಮೇಲೆಯೋ ಇದ್ದಲ್ಲಿ, ಅದನ್ನು ಮೆಲ್ಲನೆ ಎತ್ತಿ ಅಲ್ಲಿಯೇ ಹತ್ತಿರದ ಪೊದೆಯ ನೆರಳಿನಲ್ಲಿ ಅಥವಾ ತಗ್ಗು ಕೊಂಬೆಯ ಮೇಲೆ ಇರಿಸಬಹುದು. ತಂದೆತಾಯಿಗಳು ಮರಿಯ ಕೂಗನ್ನು ಅನುಸರಿಸಿ ಬರುವುದರಿಂದ ಕೆಲವೇ ಅಡಿಗಳಷ್ಟು ಸ್ಥಳ ಬದಲಾವಣೆಯಿಂದ ತೊಂದರೆಯಾಗದು. ಬಳಿಕ ಕಿಟಕಿಯ ಮರೆಯಿಂದ ಒಂದೆರಡು ಗಂಟೆ ಗಮನಿಸಬೇಕು. ಜನ ಹತ್ತಿರ ನಿಂತಿರುವವರೆಗೆ ತಾಯಿಹಕ್ಕಿ ಬರುವುದಿಲ್ಲ. ಅದು ಬರಲಿಲ್ಲವೆಂದು ಮರಿಯ ಬಳಿಯೇ ನಿಂತು ಕಾಯುವವರು ಅದರ ದಾರಿಗೆ ತಾವೇ ಅಡ್ಡಿಯಾಗಿರುತ್ತಾರೆ.

ಕಾಗೆಗಳ ವಿಷಯದಲ್ಲಿ ಮಾತ್ರ ತಾಯಿ ಎಲ್ಲಿದೆಯೆಂದು ಹುಡುಕುವ ಅಗತ್ಯವೇ ಇಲ್ಲ. ಮರಿ ನೆಲಕ್ಕಿಳಿದ ದಿನಗಳಲ್ಲಿ ಆ ಮರದಡಿ ಸಾಗುವವರ ತಲೆಗೆ ಕಾಗೆಗಳು ಕುಕ್ಕಲು ಬರುವುದುಂಟು. ಕಾಗೆ ತಲೆಗೆ ಕುಕ್ಕಿದರೆ ಅಪಶಕುನವೆಂದು ಸ್ನಾನ ಮಾಡುವ, ಶಾಂತಿ ಮಾಡಿಸುವ ರೂಢಿ ಕೆಲವೆಡೆ ಇದೆ. ಅದರ ಕಾರಣ ಇಷ್ಟೇ: ಸಮೀಪದಲ್ಲೆಲ್ಲೋ ಅದರ ಮರಿ ಇದೆ. ನಾಲ್ಕೈದು ದಿನ ಕೊಡೆ ಹಿಡಿದು ನಡೆಯುವುದು ಅಥವಾ ಬೇರೆ ದಾರಿಯಲ್ಲಿ ಹೋಗುವುದು ಸಾಕಾದ ಪರಿಹಾರ. ಕಾಗೆಯ ಗೂಡಿನಡಿ ದೊರೆತ ಮರಿಯು ಕೋಗಿಲೆಯದೂ ಆಗಿರಬಹುದು. ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುವ ಕೋಗಿಲೆಯನ್ನು ಕಾವ್ಯಗಳಲ್ಲಿ ‘ಪರಪುಷ್ಟ’, ‘ಪರಭೃತ’ ಎಂದು ಕರೆದಿರುವುದು ಸರ್ವವಿದಿತ. ಅದನ್ನು ಸಾಕುತ್ತಿರುವುದು ಕಾಗೆಯೇ ಆದುದರಿಂದ, ಕಾಗೆಗಳಿರುವೆಡೆಯಲ್ಲಿಯೇ ಅದನ್ನು ಬಿಡುವುದು ಉಚಿತ.

ಇನ್ನು ಪುಕ್ಕ ಬಾರದ ಗೂಡಿನ ಮರಿ ನೆಲಕ್ಕೆ ಬಿದ್ದಿರುವ ಸಂದರ್ಭ. ಬಿರುಗಾಳಿ, ಕೊಂಬೆ ಕಡಿಯುವಿಕೆ, ಗೂಡಿನೊಳಗಿನ ನೂಕಾಟ, ತಗಡಿನ ಛಾವಣಿಯಡಿಯ ಅಸಹನೀಯ ಸೆಕೆ ಇವೆಲ್ಲವೂ ಇದಕ್ಕೆ ಕಾರಣವಾಗಬಲ್ಲವು. ಇಲ್ಲಿ ಕ್ರಮ ಕೈಗೊಳ್ಳಲೇಬೇಕು. ಆ ಕ್ರಮವೆಂದರೆ ಮರಿಯನ್ನು ಗೂಡಿಗೆ ಹಿಂದಿರುಗಿಸುವುದು. ಗೂಡು ಕೈಗೆಟಕುವಂತಿದ್ದರೆ ಮರಿಯನ್ನು ಅದರಲ್ಲಿಯೇ ಇಡಬೇಕು. ಗೂಡು ಹಾಳಾಗಿದ್ದರೆ ಅಥವಾ ಎತ್ತರದಲ್ಲಿದ್ದರೆ ಬದಲಿ ಗೂಡನ್ನು ಸಿದ್ಧಪಡಿಸಬಹುದು. ಚಿಕ್ಕ ಬಿದಿರಿನ ಬುಟ್ಟಿ ಅಥವಾ ತಳದಲ್ಲಿ ನೀರಿಳಿಯಲು ತೂತುಗಳಿರುವ ಡಬ್ಬವನ್ನು ತೆಗೆದುಕೊಂಡು, ಒಣಹುಲ್ಲನ್ನು ಬಟ್ಟಲಿನಾಕಾರದಲ್ಲಿ ಒತ್ತಿ, ಅದೇ ಮರದಲ್ಲಿ ಹಳೆಯ ಗೂಡಿಗೆ ಸಾಧ್ಯವಾದಷ್ಟು ಹತ್ತಿರ, ನೆರಳಿರುವ ಕಡೆ ಭದ್ರವಾಗಿ ಕಟ್ಟಬೇಕು. ಹತ್ತಿಯನ್ನು ಹಾಸಬಾರದು, ಅದರ ಎಳೆಗಳು ಮರಿಯ ಉಗುರು ಕಾಲುಗಳಿಗೆ ಸುತ್ತಿಕೊಳ್ಳುತ್ತವೆ. ಗೊರವಂಕ, ಗಿಳಿಗಳಂತೆ ಪೊಟರೆಯಲ್ಲಿ ಬೆಳೆಯುವ ಮರಿಗಳಿಗೆ ಆಳವಾದ ಪೆಟ್ಟಿಗೆ ಬೇಕಾಗುತ್ತದೆ. ಮರಿಯ ಮೈ ತಣ್ಣಗಾಗಿದ್ದಲ್ಲಿ ಗೂಡಿನಲ್ಲಿಡುವ ಮುನ್ನ ಅಂಗೈಗಳ ನಡುವೆ ಹಿಡಿದು ಬೆಚ್ಚಗಾಗಿಸಬೇಕು. ಹಕ್ಕಿಯ ದೇಹದ ಉಷ್ಣತೆ ಸುಮಾರು 40 ಡಿಗ್ರಿ ಸೆಲ್ಸಿಯಸ್. ಬೆತ್ತಲೆ ಮರಿಗೆ ಅದನ್ನು ತಾನಾಗಿ ಕಾಯ್ದುಕೊಳ್ಳುವ ಶಕ್ತಿ ಇರುವುದಿಲ್ಲ.

ಇಲ್ಲಿ ಬಹುಕಾಲದಿಂದ ಬಂದ ನಂಬಿಕೆಯೊಂದನ್ನು ಪರಿಶೀಲಿಸುವುದು ಅವಶ್ಯ. ಮನುಷ್ಯರು ಮುಟ್ಟಿದ ಗುಬ್ಬಚ್ಚಿಯ ಮರಿಯನ್ನು ತಾಯಿ ಮತ್ತೆ ಸೇರಿಸಿಕೊಳ್ಳುವುದಿಲ್ಲ, ಉಳಿದ ಗುಬ್ಬಿಗಳು ಅದನ್ನು ಕುಕ್ಕಿ ಕೊಲ್ಲುತ್ತವೆ ಎಂಬ ಮಾತು ಕನ್ನಡನಾಡಿನ ಮನೆಮನೆಗಳಲ್ಲಿ ಪ್ರಚಲಿತವಾಗಿದೆ. ಮಕ್ಕಳು ಗೂಡಿಗೆ ಕೈಹಾಕದಂತೆ ತಡೆಯಲು ಹಿರಿಯರು ಹೇಳಿದ ಮಾತೆಂದು ಭಾವಿಸಿದರೆ ಅದರ ಉಪಯುಕ್ತತೆಯನ್ನು ಅಲ್ಲಗಳೆಯಲಾಗದು. ಆದರೆ ಇದು ಸತ್ಯಸಂಗತಿಯಲ್ಲ. ಇಂತಹ ಹಕ್ಕಿಗಳು ಮರಿಯನ್ನು ಗುರುತಿಸುವುದು ಮುಖ್ಯವಾಗಿ ಕೂಗಿನಿಂದ, ನೋಟದಿಂದ ಮತ್ತು ಅದು ಇರುವ ಸ್ಥಳದಿಂದ. ಮನುಷ್ಯರ ಕೈಯ ವಾಸನೆಗಾಗಿ ಅವು ಮರಿಯನ್ನು ತೊರೆಯುವುದಿಲ್ಲ. ಈ ನಂಬಿಕೆಯ ಫಲವಾಗಿ, ಗೂಡಿಗೆ ಹಿಂದಿರುಗಿಸಬಹುದಾಗಿದ್ದ ಮರಿಯನ್ನು ‘ಇನ್ನು ತಾಯಿ ಸೇರಿಸಿಕೊಳ್ಳದು’ ಎಂದು ಮನೆಯಲ್ಲಿಯೇ ಇಟ್ಟುಕೊಳ್ಳುವ ಪ್ರಮಾದ ನಡೆಯುತ್ತದೆ.

ಮರಿಯನ್ನು ಮನೆಯಲ್ಲಿ ಸಾಕಬಾರದೇಕೆ ಎಂಬ ಪ್ರಶ್ನೆ ಏಳಬಹುದು. ಮೊದಲನೆಯದಾಗಿ ಆಹಾರದ ತೊಡಕು. ಕಾಳು ತಿನ್ನುವ ಗುಬ್ಬಚ್ಚಿಯೂ ಮರಿಗಳಿಗೆ ಮೊದಲ ದಿನಗಳಲ್ಲಿ ಹುಳುಹುಪ್ಪಟೆಗಳನ್ನೇ ತಂದುಣಿಸುತ್ತದೆ. ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಗಂಟೆಗೆ ಹಲವು ಬಾರಿ ಗುಟುಕು ನೀಡುತ್ತದೆ. ಯಾವ ಗೃಹಸ್ಥನೂ ಈ ಕಾರ್ಯವನ್ನು ನಿರ್ವಹಿಸಲಾರನು. ಹಾಲು ಸಸ್ತನಿಗಳ ಆಹಾರ. ಹಾಲಿನ ಸಕ್ಕರೆಯನ್ನು ಜೀರ್ಣಿಸಿಕೊಳ್ಳುವ ಶಕ್ತಿ ಹಕ್ಕಿಗಳಿಗಿಲ್ಲ. ಹಾಲು ಬ್ರೆಡ್ಡಿನಿಂದ ಮರಿಗೆ ಭೇದಿಯಾಗಿ ನಿತ್ರಾಣ ಉಂಟಾಗುತ್ತದೆ. ಎರಡನೆಯದಾಗಿ ನೀರು. ಹಕ್ಕಿಯ ಶ್ವಾಸನಾಳದ ದ್ವಾರವು ನಾಲಿಗೆಯ ಬುಡದಲ್ಲಿಯೇ ಇರುವುದರಿಂದ, ಕೊಕ್ಕಿಗೆ ಹನಿಸಿದ ನೀರು ಶ್ವಾಸಕೋಶವನ್ನು ಸೇರಿ ಮರಿಯ ಪ್ರಾಣಕ್ಕೇ ಎರವಾಗಬಲ್ಲದು. ಗೂಡಿನಲ್ಲಿರುವ ಮರಿಗೆ ಬೇಕಾದ ನೀರಿನಂಶ ಬಹುಮಟ್ಟಿಗೆ ಆಹಾರದಿಂದಲೇ ದೊರೆಯುತ್ತದೆ. ಮೂರನೆಯದಾಗಿ ಕಲಿಕೆ. ಆಸ್ಟ್ರಿಯದ ವಿಜ್ಞಾನಿ ಕೊನ್ರಾಡ್ ಲೊರೆನ್ಜ್ ಅವರು, ಮೊಟ್ಟೆಯೊಡೆದ ಬಾತುಮರಿಗಳು ತಾವು ಮೊದಲು ಕಂಡ ಚಲಿಸುವ ಜೀವಿಯನ್ನೇ ತಾಯಿಯೆಂದು ಬಗೆದು ಹಿಂಬಾಲಿಸುತ್ತವೆಂಬುದನ್ನು ತೋರಿಸಿಕೊಟ್ಟರು. ಪ್ರಾಣಿಗಳ ನಡವಳಿಕೆಯ ಕುರಿತ ಸಂಶೋಧನೆಗಾಗಿ 1973ರಲ್ಲಿ ಇತರ ಇಬ್ಬರೊಂದಿಗೆ ಅವರಿಗೆ ನೊಬೆಲ್ ಪ್ರಶಸ್ತಿ ಲಭಿಸಿತು. ಇತರ ಹಕ್ಕಿಗಳಲ್ಲಿಯೂ ಮನುಷ್ಯರ ನಡುವೆಯೇ ಬೆಳೆದ ಮರಿಯು ತನ್ನ ಕುಲದ ರೀತಿಗಳನ್ನು ಕಲಿಯದೆ, ಹೊರಗೆ ಬಿಟ್ಟೊಡನೆ ಬೆಕ್ಕಿಗೂ ಹದ್ದಿಗೂ ಸುಲಭದ ತುತ್ತಾಗುವ ಸಂಭವವಿರುತ್ತದೆ.

ಹಾಗಾದರೆ ಮನುಷ್ಯರು ಮರಿಯನ್ನು ಸಾಕಲೇಬೇಕಾದ ಸಂದರ್ಭವೇ ಇಲ್ಲವೇ? ಇದೆ, ಅದಕ್ಕೆ ಉತ್ತಮ ನಿದರ್ಶನವು ಕರ್ನಾಟಕದಲ್ಲಿಯೇ ದೊರೆಯುತ್ತದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ, ಬೆಂಗಳೂರಿನಿಂದ ಸುಮಾರು 80 ಕಿ.ಮೀ. ದೂರದಲ್ಲಿ ಕೊಕ್ಕರೆ ಬೆಳ್ಳೂರು ಎಂಬ ಗ್ರಾಮವಿದೆ. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರ ನಡುವಿನ ಹುಣಸೆ, ಅರಳಿ ಮುಂತಾದ ಮರಗಳ ಮೇಲೆ, ಮನೆಗಳ ನೆತ್ತಿಯಲ್ಲೇ ಗೂಡು ಕಟ್ಟುತ್ತವೆ. ಗ್ರಾಮಸ್ಥರು ಅವುಗಳನ್ನು ಊರಿನ ಸೌಭಾಗ್ಯವೆಂದು ಪರಿಗಣಿಸಿ ತಲೆಮಾರುಗಳಿಂದ ರಕ್ಷಿಸಿಕೊಂಡು ಬಂದಿದ್ದಾರೆ. ಮರದಡಿ ಬೀಳುವ ಹಿಕ್ಕೆಯನ್ನು ಹೊಲಗಳಿಗೆ ಗೊಬ್ಬರವಾಗಿ ಬಳಸಿದ್ದಾರೆ. ಹಕ್ಕಿಗಳಿಂದಾಗಿ ಹುಣಸೆಯ ಫಸಲು ನಷ್ಟವಾದವರಿಗೆ ಅರಣ್ಯ ಇಲಾಖೆಯು ಪರಿಹಾರಧನ ನೀಡುವ ಪದ್ಧತಿಯನ್ನೂ ಅಲ್ಲಿ ಜಾರಿಗೆ ತರಲಾಯಿತು.

ಎತ್ತರದ ಗೂಡಿನಿಂದ ಹೆಜ್ಜಾರ್ಲೆಯ ಮರಿ ಕೆಳಗೆ ಬಿದ್ದರೆ, ತಂದೆತಾಯಿಗಳು ನೆಲಕ್ಕಿಳಿದು ಅದಕ್ಕೆ ಉಣಿಸುವುದಿಲ್ಲ. ಗಾತ್ರದಲ್ಲಿ ದೊಡ್ಡದಾದ ಆ ಮರಿಯನ್ನು ಮತ್ತೆ ಗೂಡಿಗೇರಿಸುವುದೂ ಸುಲಭಸಾಧ್ಯವಲ್ಲ. ಅದು ಹಸಿವಿನಿಂದ ಸಾಯಬೇಕು, ಇಲ್ಲವೇ ನಾಯಿಗಳ ಪಾಲಾಗಬೇಕು. ಇದನ್ನು ಮನಗಂಡ ಮೈಸೂರಿನ ಹವ್ಯಾಸಿ ನಿಸರ್ಗಪ್ರೇಮಿಗಳ ಸಂಸ್ಥೆಯೊಂದು 1990ರ ದಶಕದಲ್ಲಿ ಗ್ರಾಮಸ್ಥರೊಡಗೂಡಿ ಕಾರ್ಯಪ್ರವೃತ್ತವಾಯಿತು. ಊರಿನವರ ‘ಹೆಜ್ಜಾರ್ಲೆ ಬಳಗ’ ರೂಪುಗೊಂಡಿತು. ಬಿದ್ದ ಮರಿಗಳಿಗಾಗಿ ಬೇಲಿ ಹಾಕಿದ ಆವರಣವೊಂದನ್ನು ನಿರ್ಮಿಸಿ, ಅವು ಹಾರಲು ಸಮರ್ಥವಾಗುವವರೆಗೆ ಮೀನು ತಿನ್ನಿಸಿ, ಬಳಿಕ ಸ್ವತಂತ್ರವಾಗಿ ಬಿಡಲಾಯಿತು. 2007ರಲ್ಲಿ ಈ ಪ್ರದೇಶವನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು.

ಮೇಲ್ನೋಟಕ್ಕೆ ಕೊಕ್ಕರೆ ಬೆಳ್ಳೂರಿನವರು ಮಾಡಿದ್ದು ಇಲ್ಲಿ ಬೇಡವೆಂದು ಹೇಳಲಾಗುತ್ತಿರುವ ಕೆಲಸವನ್ನೇ. ಆದರೆ ತಾಯಿ ಬರುವುದಿಲ್ಲವೆಂಬುದನ್ನು ಅವರು ಊಹಿಸಲಿಲ್ಲ. ವರ್ಷಗಟ್ಟಲೆ ನೋಡಿ ಬಲ್ಲವರಾಗಿದ್ದರು. ಮರಿಯ ಆಹಾರ ಯಾವುದೆಂದು ಅರಿತು ಅದನ್ನೇ ಒದಗಿಸಿದರು. ಮರಿಗಳನ್ನು ಮನೆಯೊಳಗೆ ಮುದ್ದಿಗಾಗಿ ಇಟ್ಟುಕೊಳ್ಳದೆ, ತಮ್ಮ ಕುಲದ ಹಕ್ಕಿಗಳು ಕಾಣುವಂತೆ ಬಯಲಿನಲ್ಲಿ ಬೆಳೆಸಿದರು. ಸಾಕುವುದಕ್ಕಿಂತ ಬಿಡುವುದೇ ಅವರ ಗುರಿಯಾಗಿತ್ತು. ಪೆರಂಬೂರಿನ ಬೇವಿನ ಮರದಡಿ ಬಿದ್ದ ಗೊರವಂಕದ ಮರಿಗೆ ತಾಯಿ ಬರುತ್ತದೆ. ಬೆಳ್ಳೂರಿನ ಹುಣಸೆಯಡಿ ಬಿದ್ದ ಹೆಜ್ಜಾರ್ಲೆಯ ಮರಿಗೆ ತಾಯಿ ಬರುವುದಿಲ್ಲ. ಈ ವ್ಯತ್ಯಾಸವನ್ನು ಅರಿತು ನಡೆಯುವುದೇ ನಿಜವಾದ ನೆರವು.

ಮನೆಯಂಗಳದ ಮರಿಗೂ ಪರಿಣತರ ಆರೈಕೆ ಅವಶ್ಯವಾಗುವ ಸಂದರ್ಭಗಳುಂಟು. ರಕ್ತಸ್ರಾವ, ಜೋತುಬಿದ್ದ ರೆಕ್ಕೆ, ಗಾಳಿಪಟದ ಮಾಂಜಾ ದಾರಕ್ಕೆ ಸಿಲುಕಿದ ಕಾಲು, ಸತ್ತು ಬಿದ್ದಿರುವ ತಂದೆತಾಯಿ ಇವು ಅಂತಹ ಲಕ್ಷಣಗಳು. ಬೆಕ್ಕು ಬಾಯಿ ಹಾಕಿದ ಮರಿಯು ಹೊರನೋಟಕ್ಕೆ ಚೆನ್ನಾಗಿ ಕಂಡರೂ ಅದನ್ನು ಗಾಯಾಳುವೆಂದೇ ಪರಿಗಣಿಸತಕ್ಕದ್ದು. ಬೆಕ್ಕಿನ ಜೊಲ್ಲಿನಲ್ಲಿರುವ ಬ್ಯಾಕ್ಟೀರಿಯಗಳು ಸೂಜಿಮೊನೆಯಷ್ಟು ಗಾಯದಿಂದಲೂ ಪ್ರಾಣಾಂತಿಕವಾಗಬಲ್ಲವು. ಇಂತಹ ಮರಿಯನ್ನು ಗಾಳಿಯಾಡುವ ತೂತುಗಳಿರುವ ರಟ್ಟಿನ ಪೆಟ್ಟಿಗೆಯಲ್ಲಿ ಮೆತ್ತನೆಯ ಬಟ್ಟೆಯ ಮೇಲಿರಿಸಿ, ಮುಚ್ಚಿ, ಗದ್ದಲವಿಲ್ಲದ ಕಡೆ ಇಟ್ಟು, ಏನನ್ನೂ ತಿನ್ನಿಸದೆ ಕುಡಿಸದೆ ತ್ವರಿತವಾಗಿ ಪಶುವೈದ್ಯರಲ್ಲಿಗೆ ಒಯ್ಯಬೇಕು. ಪೆರಂಬೂರಿನವರಿಗೆ ವೇಪೇರಿಯಲ್ಲಿರುವ, 1903ರಲ್ಲಿ ಸ್ಥಾಪಿತವಾದ ಮದ್ರಾಸ್ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯು ಸಮೀಪದಲ್ಲಿದೆ. ಬ್ಲೂ ಕ್ರಾಸ್ ಆಫ್ ಇಂಡಿಯಾ ಸಂಸ್ಥೆಯನ್ನಾಗಲಿ ತಮಿಳುನಾಡು ಅರಣ್ಯ ಇಲಾಖೆಯನ್ನಾಗಲಿ ಸಂಪರ್ಕಿಸಬಹುದು. ಮರಿಯನ್ನು ಮುಟ್ಟಿದ ಬಳಿಕ ಸಾಬೂನಿನಿಂದ ಕೈ ತೊಳೆಯುವುದನ್ನು ಮರೆಯಬಾರದು. ಒಂದೇ ಕಡೆ ಅನೇಕ ಹಕ್ಕಿಗಳು ಸತ್ತುಬಿದ್ದಿದ್ದರೆ ಅವುಗಳನ್ನು ಮುಟ್ಟದೆ ಪಶುಸಂಗೋಪನೆ ಇಲಾಖೆಗೆ ತಿಳಿಸತಕ್ಕದ್ದು. 2021ರ ಜನವರಿಯಲ್ಲಿ ರಾಜಸ್ಥಾನ, ಮಧ್ಯಪ್ರದೇಶಗಳಲ್ಲಿ ಸತ್ತ ಕಾಗೆಗಳಲ್ಲಿ ಹಕ್ಕಿಜ್ವರ ಇದ್ದುದು ದೃಢಪಟ್ಟಿತ್ತು.

ಈ ವಿಷಯಕ್ಕೆ ಕಾನೂನಿನ ಮುಖವೂ ಇದೆ. 1972ರ ವನ್ಯಜೀವಿ (ಸಂರಕ್ಷಣೆ) ಅಧಿನಿಯಮವು ತನ್ನ ರಕ್ಷಣೆಗೊಳಪಟ್ಟ ಹಕ್ಕಿಗಳನ್ನು ಹಿಡಿಯುವುದನ್ನು, ಅವುಗಳ ಮೊಟ್ಟೆಗಳಿಗೂ ಗೂಡುಗಳಿಗೂ ತೊಂದರೆ ಕೊಡುವುದನ್ನು ಬೇಟೆಯೆಂದೇ ಪರಿಗಣಿಸುತ್ತದೆ. ದೇಶದ ಕಾಡುಗಿಳಿಗಳನ್ನು ಪಂಜರದಲ್ಲಿಟ್ಟು ಸಾಕುವುದು ಅಪರಾಧ. ಬಿದ್ದ ಗಿಳಿಮರಿಯನ್ನು ಎತ್ತಿಕೊಂಡದ್ದು ದಯೆಯಿಂದಲೇ ಆದರೂ, ಅದನ್ನು ಪಂಜರಕ್ಕೆ ಸೇರಿಸಿದೊಡನೆ ಆ ದಯೆ ಕಾನೂನಿನ ಎಲ್ಲೆಯನ್ನು ಮೀರುತ್ತದೆ.

ಬಿದ್ದ ಮರಿಗೆ ನೆರವಾಗುವುದಕ್ಕಿಂತ ಅದು ಬೀಳದಂತೆ ನೋಡಿಕೊಳ್ಳುವುದು ಹೆಚ್ಚು ಪ್ರಯೋಜನಕಾರಿ. ಕೊಂಬೆ ಕಡಿಯುವ ಮುನ್ನ ಗೂಡುಗಳಿವೆಯೇ ಎಂದು ನೋಡಿ, ಇದ್ದಲ್ಲಿ ಮರಿಗಳು ಹಾರುವವರೆಗೆ ಕೆಲಸವನ್ನು ಮುಂದೂಡಬಹುದು. ಹಿತ್ತಿಲಿನಲ್ಲಿ ಕೀಟನಾಶಕಗಳ ಬಳಕೆಯನ್ನು ತಗ್ಗಿಸಿದಷ್ಟೂ ಮರಿಗಳಿಗೆ ಹುಳುಗಳು ದೊರೆಯುತ್ತವೆ. ದೀಪದ ಗೂಡಿನಲ್ಲೋ ಗೋಡೆಯ ಪಟದ ಹಿಂದೆಯೋ ಗುಬ್ಬಚ್ಚಿ ಗೂಡು ಕಟ್ಟಿದ್ದರೆ, ಆ ಕೋಣೆಯ ಫ್ಯಾನನ್ನು ಹಾಕುವಾಗ ಎಚ್ಚರಿಕೆ ವಹಿಸಬೇಕು. ಹಗಲಿನಲ್ಲಿ ಕಂಡ ಹಾಲಕ್ಕಿಯ ಮರಿಯನ್ನು ಅಪಶಕುನವೆಂದು ಕಲ್ಲೆಸೆದು ಓಡಿಸುವುದನ್ನು ತಡೆಯಬೇಕು. ಕೀಟಗಳನ್ನೂ ಇಲಿಗಳನ್ನೂ ತಿಂದು ಉಪಕಾರ ಮಾಡುವ ಜೀವಿ ಅದು.

ಇಷ್ಟೆಲ್ಲ ಎಚ್ಚರ ವಹಿಸಿದರೂ ಕೆಲವು ಮರಿಗಳು ಸಾಯುತ್ತವೆ ಎಂಬುದನ್ನು ಮಕ್ಕಳಿಗೆ ಮರೆಮಾಚದೆ ತಿಳಿಸುವುದು ಒಳಿತು. ಹಕ್ಕಿಗಳು ಒಮ್ಮೆಗೆ ಮೂರು ನಾಲ್ಕು ಮೊಟ್ಟೆಗಳನ್ನಿಟ್ಟರೂ ಎಲ್ಲ ಮರಿಗಳೂ ದೊಡ್ಡವಾಗುವುದಿಲ್ಲ. ಪಿಕಳಾರದ ಮರಿಯನ್ನು ಒಯ್ದ ಕಾಗೆಗೂ ಗೂಡಿನಲ್ಲಿ ಹಸಿದ ಮರಿಗಳಿರುತ್ತವೆ. ಮಗುವಿನ ಅಂಗೈಯಲ್ಲಿರುವ ಮರಿಯನ್ನು ಕಿತ್ತು ಬಿಸುಡುವ ಹಿರಿಯರೂ, ಪಂಜರ ತಂದುಕೊಡುವ ಹಿರಿಯರೂ ಮಗುವಿಗೆ ಏನನ್ನೂ ಕಲಿಸಿದಂತಾಗುವುದಿಲ್ಲ. ಮಗುವಿನೊಡನೆ ಮರದಡಿಗೆ ಹೋಗಿ, ಮರಿ ಯಾವ ಹಂತದ್ದೆಂದು ನೋಡಿ, ಅದನ್ನು ಸೇರಬೇಕಾದಲ್ಲಿಗೆ ಸೇರಿಸಿ, ದೂರ ನಿಂತು ತಾಯಿಹಕ್ಕಿಯ ಬರವನ್ನು ಕಾಯುವವರು ಆ ಒಂದು ಗಂಟೆಯಲ್ಲಿ ಪುಸ್ತಕಗಳಿಂದ ದೊರೆಯದ ಪಾಠವನ್ನು ನೀಡುತ್ತಾರೆ.

ಭಾರತ ಸಂವಿಧಾನದ 51ಎ ಅನುಚ್ಛೇದವು ನಾಗರಿಕರ ಮೂಲಭೂತ ಕರ್ತವ್ಯಗಳನ್ನು ವಿವರಿಸುತ್ತದೆ. 1976ರ 42ನೆಯ ತಿದ್ದುಪಡಿಯ ಮೂಲಕ ಸೇರ್ಪಡೆಯಾದ ಈ ಅನುಚ್ಛೇದದ ಏಳನೆಯ ಖಂಡವು ವನ್ಯಜೀವಿಗಳೂ ಸೇರಿದಂತೆ ಪ್ರಾಕೃತಿಕ ಪರಿಸರವನ್ನು ರಕ್ಷಿಸುವುದು ಮತ್ತು ಜೀವಿಗಳಲ್ಲಿ ದಯೆಯಿಡುವುದು ಪ್ರತಿಯೊಬ್ಬರ ಕರ್ತವ್ಯವೆಂದು ಸಾರುತ್ತದೆ. ಅದಕ್ಕೆ ಹೊಂದಿಕೊಂಡೇ ಬರುವ ಎಂಟನೆಯ ಖಂಡವು ವೈಜ್ಞಾನಿಕ ಮನೋಭಾವವನ್ನೂ ಜಿಜ್ಞಾಸೆಯನ್ನೂ ಬೆಳೆಸಿಕೊಳ್ಳುವುದು ಕರ್ತವ್ಯವೆಂದು ಹೇಳುತ್ತದೆ. ನೆಲಕ್ಕೆ ಬಿದ್ದ ಒಂದು ಹಕ್ಕಿಮರಿಯ ಮುಂದೆ ಈ ಎರಡು ಕರ್ತವ್ಯಗಳೂ ಏಕಕಾಲದಲ್ಲಿ ಪಾಲನೆಯಾಗಬೇಕಾಗುತ್ತದೆ. ಮರಿಯ ಕಡೆಗೆ ಕೈ ಚಾಚುವ ಮುನ್ನ ಒಂದು ಕ್ಷಣ ನಿಂತು ನೋಡುವ ಅಭ್ಯಾಸವನ್ನು ಪ್ರತಿಯೊಂದು ಮನೆಯವರೂ ರೂಢಿಸಿಕೊಂಡಲ್ಲಿ, ಪ್ರತಿ ಬೇಸಿಗೆಯಲ್ಲೂ ಎಷ್ಟೋ ಮರಿಗಳು ರಟ್ಟಿನ ಪೆಟ್ಟಿಗೆಗಳಲ್ಲಿ ಕೊನೆಯುಸಿರೆಳೆಯುವ ಬದಲು ತಮ್ಮ ರೆಕ್ಕೆಗಳ ಮೇಲೆ ತಾವು ಹಾರಿಹೋಗುತ್ತವೆ.